ನಲ್ಲಿಗೆ ತೊಡಿಸಿದ ಗವಸು

"ನನ್ನ ಗಂಡನ್ನ ಕೊಂದಿದ್ದು ನನ್ನ ತಮ್ಮನೋ ಅಲ್ಲವೋ, ಅಷ್ಟು ಹೇಳಿಬಿಡಿ ಅಕ್ಕಾ. ಬೇರೇನೂ ಬೇಡ."

ಹೀಗೆಂದವಳು ಟೈಲರಮ್ಮ. ಕೂರು ಎಂದರೂ ಕೂರದೆ ಅತ್ತಿಗೆಯ ಮೇಜಿನ ಅಂಚು ಹಿಡಿದು ನಿಂತಿದ್ದಳು. ಬೇಸಿಗೆಯ ನಡು ಮಧ್ಯಾಹ್ನ. ಕಿಟಕಿಯ ಸರಳು ಮುಟ್ಟಿದರೆ ಕೈ ಸುಡುತ್ತಿತ್ತು. ಆದರೂ ಆಕೆ ನಡುಗುತ್ತಿದ್ದಳು. ಆ ನಡುಕ ನೋಡಿ ನನಗೂ ನಡುಕ ಹತ್ತಿತು. ನಾನು ಹುಟ್ಟಾ ಪುಕ್ಕಲ. ಅದನ್ನು ಮುಚ್ಚಿಟ್ಟು ಶೂರನ ಹಾಗೆ ಕತೆ ಹೇಳುವ ಆಸೆಯೇನೂ ನನಗಿಲ್ಲ.

ಅತ್ತಿಗೆ ಎಂದರೆ ನನ್ನ ಅಣ್ಣನ ಹೆಂಡತಿ. ವಿಮಾ ಕಂಪನಿಯಲ್ಲಿ ಅಪಘಾತವಾದ ಗಾಡಿಗಳನ್ನು ಪರೀಕ್ಷಿಸುವ ಕೆಲಸ ಮಾಡಿ ನಿವೃತ್ತರಾದವರು. ಗಾಡಿಯಾಗಲಿ ಮನುಷ್ಯನಾಗಲಿ, ಬಿಚ್ಚಿ ನೋಡದೆ ಒಂದು ಮಾತೂ ನಂಬಬಾರದು ಎನ್ನುತ್ತಾರೆ. ಊರಿನವರು ಬಿಡಿಸಲಾಗದ ಗಂಟುಗಳನ್ನೆಲ್ಲ ಇವತ್ತಿಗೂ ತಂದು ಅವರ ಮೇಜಿನ ಮೇಲೇ ಇಡುತ್ತಾರೆ. ಅಣ್ಣ ಇದಕ್ಕೆಲ್ಲ ತಲೆ ಹಾಕುವುದಿಲ್ಲ. ಫೋಟೋಗಳಿಗೆ ಕಟ್ಟು ಹಾಕುವ ನನ್ನ ಅಂಗಡಿಯ ಬಾಗಿಲೆಳೆದು, ಹಳೆಯ ಮೋಟಾರ್ ಸೈಕಲ್ಲಿನ ಸೈಡ್‌ಕಾರಿನಲ್ಲಿ ಅತ್ತಿಗೆಯನ್ನು ಕೂರಿಸಿಕೊಂಡು ಅಲೆಯುವ ಕರ್ಮ ಈ ಮೈದುನನದು.

ಟೈಲರಮ್ಮನ ಗಂಡ ಶಾಲೆಯ ಡ್ರಿಲ್ ಮೇಷ್ಟ್ರು. ಹಿಂದಿನ ತಿಂಗಳು ನಮ್ಮ ಹಳೇ ಮೋಟಾರ್ ಸೈಕಲ್ ಬಳಗದ ಬೇಸಿಗೆ ಸವಾರಿಯಲ್ಲಿ, ಗುಡ್ಡದ ಇಳಿಜಾರಿನ ತಿರುವಿನಲ್ಲಿ, ಅವರ ಎಂಜಿನ್ ಓಡುತ್ತಿದ್ದ ಹಾಗೇ ಸೀಜ್ ಆಯಿತು. ಅಂದರೆ ಪಿಸ್ಟನ್ ಸಿಲಿಂಡರಿಗೆ ಕಚ್ಚಿಕೊಂಡು ನಿಂತಿತು. ಹಿಂದಿನ ಚಕ್ರ ಬಿಗಿಯಿತು. ಮೇಷ್ಟ್ರು ತಡೆಗೋಡೆಗೆ ಬಡಿದು ಅಲ್ಲೇ ಪ್ರಾಣ ಬಿಟ್ಟರು. ಅವರ ಹಿಂದಿನ ಗಾಡಿ ನನ್ನದೇ. ಚಕ್ರ ಕಿರುಚಿದ ಆ ಸದ್ದು ನಿದ್ದೆಯಲ್ಲಿ ಈಗಲೂ ಕೇಳುತ್ತದೆ, ಆಮೇಲೆ ನನಗೆ ಕಣ್ಣು ಮುಚ್ಚಲು ಭಯ.

ಆ ಎಂಜಿನ್ನಿಗೆ ಹೊಸ ಪಿಸ್ಟನ್ ಕೂರಿಸಿದವನು ಟೈಲರಮ್ಮನ ತಮ್ಮ. ನಾವೆಲ್ಲ ಅವನನ್ನು ಮೇಸ್ತ್ರಿ ಎನ್ನುತ್ತೇವೆ. ಅಕ್ಕನ ಮನೆಯ ಹಿಂದಿನ ಶೆಡ್ಡಿನಲ್ಲೇ ಅವನ ಕೆಲಸ, ಅಲ್ಲೇ ವಾಸ. ಪಿಸ್ಟನ್ ಬಿಗಿಯಾಗಿ ಕೂರಿಸಿದ್ದಾನೆ, ಶಾಖಕ್ಕೆ ಉಬ್ಬಿ ಕಚ್ಚಿಕೊಂಡಿದೆ ಎಂದು ಬಳಗದವರು ತೀರ್ಪು ಕೊಟ್ಟಿದ್ದರು. ಪೊಲೀಸರೂ ಹೂಂ ಅಂದಿದ್ದರು.

"ಅವನೂ ಹಾಗೇ ನಂಬ್ಕೊಂಡಿದಾನೆ," ಎಂದಳು ಟೈಲರಮ್ಮ. "ಬಾಗಿಲು ಹಾಕ್ಕೊಂಡು ಶೆಡ್ಡಲ್ಲೇ ಕೂತಿರ್ತಾನೆ. 'ಭಾವನ್ನ ನಾನೇ ತಿಂದ್ಕೊಂಡೆ' ಅಂತಾನೆ. ಬಾಗಿಲು ಬಡಿದಾಗ ಒಳಗಿಂದ ಉತ್ತರ ಒಂದು ಚೂರು ತಡ ಆದ್ರೂ ನನ್ನ ಜೀವ ಬಾಯಿಗೆ ಬರುತ್ತೆ. ಉತ್ತರ ಬಂದ ಮೇಲೆ ಅವನ ಮುಖ ನೋಡೋಕೆ ನನ್ನಿಂದ ಆಗಲ್ಲ. ಸೊಂಟದ ಮೇಲೆ ಎತ್ಕೊಂಡು ಬೆಳೆಸಿದ ತಮ್ಮ ಅಕ್ಕಾ ಅವನು."

"ಅವನೇ ಅಂತ ಗೊತ್ತಾದ್ರೆ?" ಎಂದರು ಅತ್ತಿಗೆ.

"ಆಗಲೂ ಹೇಳಿ. ಹೀಗೆ ನಡುವೆ ನಿಂತ್ಕೊಂಡು ಬದುಕೋಕಾಗಲ್ಲ."

ಅತ್ತಿಗೆ ಆಕೆಯನ್ನು ಭುಜ ಹಿಡಿದು ಕೂರಿಸಿದರು. ಆಮೇಲೆ ನನ್ನ ಕಡೆ ತಿರುಗಿದರು. "ಆವತ್ತಿಂದು ಮೊದಲಿಂದ ಹೇಳು. ಉಪ್ಪು ಖಾರ ಹಚ್ಚಬೇಡ."

ಹೇಳುವ ಮೊದಲು ನಮ್ಮ ಗಾಡಿಗಳ ಗುಣ ಒಂದಿಷ್ಟು ತಿಳಿದಿರಲಿ. ಇವಕ್ಕೆ ಕಾರುಗಳ ಹಾಗೆ ನೀರಿನ ತಂಪಿಲ್ಲ. ಗಾಳಿಯೇ ಇವಕ್ಕೆ ನೀರು. ಎಂಜಿನ್ನಿನ ಸುತ್ತಲಿನ ಲೋಹದ ರೆಕ್ಕೆಗಳ ಮೇಲೆ ಗಾಳಿ ಹಾಯುತ್ತಿದ್ದರೆ ತಣ್ಣಗಿರುತ್ತವೆ. ಉರಿಬಿಸಿಲಿನಲ್ಲಿ ಆಮೆ ನಡಿಗೆಯಲ್ಲಿ ಏರು ಹತ್ತಿಸಿದರೆ ಗಾಳಿ ಎಲ್ಲಿಂದ ಬರಬೇಕು? ಎಣ್ಣೆ ತೆಳ್ಳಗೆ ನೀರಾಗುತ್ತದೆ, ಎಂಜಿನ್ ಒಳಗಿಂದ ಕಟಕಟ ಎನ್ನಲು ಶುರು ಮಾಡುತ್ತದೆ. ಇದೆಲ್ಲ ಗೊತ್ತಿದ್ದೂ ನಮ್ಮ ಬಳಗ ವರ್ಷಕ್ಕೊಮ್ಮೆ ಬೇಸಿಗೆಯಲ್ಲೇ ಗುಡ್ಡ ಹತ್ತುತ್ತದೆ. ಎಲ್ಲಕ್ಕಿಂತ ಹಳೆಯ ಗಾಡಿಯ ವೇಗವೇ ಎಲ್ಲರ ವೇಗ, ಮುಂದಾಳನ್ನು ದಾಟುವಂತಿಲ್ಲ. ಯಾರ ಎಂಜಿನ್ ತಾಳಿಕೊಳ್ಳುತ್ತದೆ ಎಂಬುದೇ ಪಂದ್ಯ. ನೋಡಿದವರು ಹುಚ್ಚು ಎನ್ನುತ್ತಾರೆ. ನಾನೂ ಅನ್ನುತ್ತೇನೆ, ಆದರೂ ಹೋಗುತ್ತೇನೆ.

ಏರಿನ ನಡುವೆ ಮರಗಳ ನೆರಳಿದೆ. ಅಲ್ಲಿ ಎಂಜಿನ್ ಆರಿಸಿ, ಗಾಡಿ ತಣಿಯಲು ಬಿಟ್ಟು, ನಾವು ದೂರ ಹೋಗಿ ಕೂರುತ್ತೇವೆ. ಎಂಜಿನ್ ಎಣ್ಣೆಗೆ ಈ ಗಾಡಿಗಳಲ್ಲಿ ಪೆಟ್ರೋಲಿನದಲ್ಲದೆ ಬೇರೆಯೇ ಒಂದು ಟ್ಯಾಂಕಿದೆ. ಬಿಸಿ ಎಣ್ಣೆ ಆ ಟ್ಯಾಂಕಿನಿಂದ ಇಳಿದು ಎಂಜಿನ್ನಿನ ಹೊಟ್ಟೆ ತುಂಬದಿರಲಿ ಎಂದು ಎಣ್ಣೆ ಪೈಪಿನ ನಲ್ಲಿಯನ್ನು ಮುಚ್ಚುವುದು ವಾಡಿಕೆ. ತೆರೆಯಲು ಮರೆತು ಹೊರಟರೆ ಎಂಜಿನ್ನಿಗೆ ಒಂದು ಹನಿ ಎಣ್ಣೆಯೂ ಹೋಗುವುದಿಲ್ಲ. ಅದಕ್ಕೇ ಬಳಗದಲ್ಲಿ ಒಂದು ಕಟ್ಟಳೆ ಇದೆ: ನಲ್ಲಿ ಮುಚ್ಚಿದ ಕೂಡಲೇ ಬಲಗೈ ಗವಸನ್ನು ಬಿಚ್ಚಿ ಆ ನಲ್ಲಿಗೇ ತೊಡಿಸಬೇಕು. ಹೊರಡುವಾಗ ಗವಸಿಗೆಂದು ಕೈ ಹೋಗುತ್ತದೆ, ನಲ್ಲಿ ನೆನಪಾಗುತ್ತದೆ. ಎಂಜಿನ್ನಿನ ಪಕ್ಕದ ನಲ್ಲಿ ಇನ್ನೂ ಕಾದಿರುವುದರಿಂದ ಗವಸಿನ ಮೇಲಿಂದಲೇ ಹಿಡಿದು ತಿರುಗಿಸಿ, ಆಮೇಲೆ ಗವಸು ಕಳಚಿ ತೊಟ್ಟುಕೊಳ್ಳುತ್ತೇವೆ. ಗವಸು ಕೈಯಲ್ಲಿದ್ದರೆ ನಲ್ಲಿ ತೆರೆದಿದೆ ಎಂದೇ ಲೆಕ್ಕ.

"ಬಿದ್ದಾಗ ಮೇಷ್ಟ್ರ ಬಲಗೈಲಿ ಗವಸಿತ್ತಾ?" ಎಂದು ಅತ್ತಿಗೆ ಕೇಳಿದರು.

"ಇತ್ತು. ಎರಡೂ ಕೈಲಿತ್ತು."

"ಸಾಲು ಹೇಗಿತ್ತು?"

"ಮುಂದಾಳು ಹಲ್ಲಿನ ಡಾಕ್ಟ್ರು. ಅವರ ಹಿಂದೆ ಪ್ರೆಸ್ಸಣ್ಣ, ಆಮೇಲೆ ಮೇಷ್ಟ್ರು, ನಾನು. ಕೊನೇಲಿ ಮೇಸ್ತ್ರಿ."

"ನೆರಳಲ್ಲಿ ಕೂತಾಗ ಗಾಡಿಗಳ ಹತ್ರ ಯಾರು ಹೋಗಿದ್ರು?"

ನಾನು ನೆನಪು ಮಾಡಿಕೊಂಡೆ. ಪ್ರೆಸ್ಸಣ್ಣ ನೀರಿನ ಬಾಟಲಿ ತರಲು ಹೋಗಿದ್ದರು. ಅವರಿಗೆ ಮುದ್ರಣದ ಅಂಗಡಿ, ಮೇಷ್ಟ್ರ ಗಾಡಿಯ ಮೇಲೆ ಅವರ ಕಣ್ಣು ಬಿದ್ದು ವರ್ಷಗಳಾಗಿದ್ದವು. "ಕೊಡ್ತೀರಾ ಮೇಷ್ಟ್ರೇ?" ಎಂದು ಅವರು ಕೇಳುವುದೂ, "ನನ್ನ ಹೆಣದ ಜೊತೆ ತಗೊಂಡು ಹೋಗಿ" ಎಂದು ಮೇಷ್ಟ್ರು ನಗುವುದೂ ನಮಗೆ ಅಭ್ಯಾಸವಾಗಿತ್ತು. ಆ ಮಾತನ್ನು ಈಗ ಹೇಳುವಾಗ ನನ್ನ ನಾಲಗೆ ತಡವರಿಸಿತು. ಇನ್ನು ಡಾಕ್ಟರು, ಮುಂದಾಳು ಯಾವಾಗಲೂ ಮಾಡುವಂತೆ, ಎಲ್ಲ ನಲ್ಲಿಗಳ ಮೇಲೂ ಗವಸು ಇದೆಯೇ ಎಂದು ತಟ್ಟಿ ನೋಡುತ್ತ ಒಂದು ಸುತ್ತು ಬಂದಿದ್ದರು. ಮೇಸ್ತ್ರಿ ಎದ್ದಿರಲೇ ಇಲ್ಲ.

"ಹೊರಡೋ ಮುಂಚೆ ಜಗಳ ಗಿಗಳ?"

"ಜಗಳ ಎಲ್ಲಿಂದ? ನಗೆಚಾಟಿಕೆ. ಹೋದ ವರ್ಷ ಡಾಕ್ಟ್ರ ಗಾಡಿ ಏರಲ್ಲೇ ಸೀಜ್ ಆಗಿ ನಿಂತಿತ್ತಲ್ಲ, 'ಹಲ್ಲಿಗೆ ಕೊಡೋ ಇಂಜೆಕ್ಷನ್ ಪಿಸ್ಟನ್‌ಗೂ ಕೊಡಿ ಡಾಕ್ಟ್ರೇ' ಅಂತ ಮೇಷ್ಟ್ರು ಆಗಾಗ ರೇಗಿಸೋರು. ಮುಂದಿನ ವರ್ಷದಿಂದ ಮೇಷ್ಟ್ರೇ ಮುಂದಾಳು ಅಂತಲೂ ಆಗಿತ್ತು. ಎಲ್ಲರೂ ಚಪ್ಪಾಳೆ ತಟ್ಟಿದ್ವಿ."

"ಬಿದ್ದ ಮೇಲೆ?"

"ಗಾಡಿ ಅವರ ಕಾಲ ಮೇಲಿತ್ತು. ಗವಸು ಕಿತ್ತು ಬಿಸಾಡಿ ನಾನೇ ಎತ್ತಿದೆ. ಒಂದು ಕೈ ಸೀಟಿಗೆ, ಒಂದು ಕೈ ಎಣ್ಣೆ ಟ್ಯಾಂಕಿಗೆ ಕೊಟ್ಟು ಎತ್ತಿ ಪಕ್ಕಕ್ಕೆ ಒರಗಿಸಿದೆ. ಸೈಲೆನ್ಸರ್ ತಾಗಿ ಮೊಣಕಾಲ ಕೆಳಗೆ ಸುಟ್ಟಿದೆ ನೋಡಿ. ಆಮೇಲೆ ಫೋನಿಗೆ ಸಿಗ್ನಲ್ ಹುಡುಕ್ತಾ ತಿರುವಿನಾಚೆ ಓಡಿದೆ. ವಾಪಸ್ ಬಂದಾಗ ಪ್ರೆಸ್ಸಣ್ಣ ಮೇಷ್ಟ್ರ ತಲೆ ತೊಡೆ ಮೇಲಿಟ್ಕೊಂಡು ಅಳ್ತಿದ್ರು. ಡಾಕ್ಟ್ರು ಗಾಡಿ ಪಕ್ಕ ಮಂಡಿಯೂರಿದ್ರು. 'ನಲ್ಲಿ ತೆರೆದೇ ಇದೆ, ನಾನೇ ಕಣ್ಣಾರೆ ನೋಡಿದೆ. ಪೊಲೀಸ್ ಬರೋವರೆಗೂ ಯಾರೂ ಏನೂ ಮುಟ್ಟಬೇಡಿ, ನಾನೂ ಮುಟ್ಟಿಲ್ಲ' ಅಂದ್ರು."

ಅತ್ತಿಗೆ ನನ್ನ ಸುಟ್ಟ ಕಾಲನ್ನು ನೋಡಲೇ ಇಲ್ಲ. ನನ್ನ ಅಂಗೈಗಳನ್ನು ಹಿಡಿದು ತಿರುಗಿಸಿ ನೋಡಿದರು. ಅಲ್ಲಿ ನೋಡುವಂಥದ್ದು ಏನೂ ಇರಲಿಲ್ಲ.

ನಾವು ಹೋದಾಗ ಶೆಡ್ಡಿನ ಬಾಗಿಲಿಗೆ ಒಳಗಿಂದ ಚಿಲಕ ಹಾಕಿತ್ತು. ಅತ್ತಿಗೆ ತಟ್ಟಿದರು. ಉತ್ತರವಿಲ್ಲ. ಮತ್ತೆ ತಟ್ಟಿದರು. ಟೈಲರಮ್ಮ ನನ್ನ ತೋಳನ್ನು ಹಿಡಿದ ಬಿಗಿಗೆ ಉಗುರು ನಾಟಿತು. ನನಗೂ ಏನೇನೋ ಕೆಟ್ಟ ಯೋಚನೆ ಬಂತು. ಕೊನೆಗೆ ಚಿಲಕ ಸರಿದ ಸದ್ದಾಯಿತು. ಬಾಗಿಲು ತೆರೆದವನ ಕಣ್ಣುಗಳು ಒಳಕ್ಕೆ ಹೋಗಿದ್ದವು. ಟೈಲರಮ್ಮ ತಟ್ಟನೆ ಮುಖ ತಿರುಗಿಸಿ ಮನೆಯ ಕಡೆ ನಡೆದುಬಿಟ್ಟಳು. ಅವಳ ಬೆನ್ನನ್ನೇ ಅವನು ನೋಡುತ್ತ ನಿಂತ.

ಪೊಲೀಸರು ವಾಪಸು ಕೊಟ್ಟಿದ್ದ ಗಾಡಿ ಮೂಲೆಯಲ್ಲಿತ್ತು, ಎಂಜಿನ್ ಬಿಚ್ಚಿ ಬಟ್ಟೆಯ ಮೇಲೆ ಹರಡಿತ್ತು. ಅತ್ತಿಗೆ ಮಂಡಿಯೂರಿ ಒಂದೊಂದನ್ನೇ ಎತ್ತಿ ಬೆಳಕಿಗೆ ಹಿಡಿದರು. ಪಿಸ್ಟನ್ ಸುತ್ತಲೂ ಗೀರಿತ್ತು. ಕೆಳಗಿನ ದೊಡ್ಡ ಬೇರಿಂಗ್ ಸುಟ್ಟು ನೀಲಿಯಾಗಿತ್ತು.

"ಬಿಗಿ ಇಟ್ಟಿದ್ದು ನಾನೇ ಅಮ್ಮಾ," ಎಂದ ಮೇಸ್ತ್ರಿ. "ಅಳತೆ ಸರಿಯಾ ಅಂತ ನೋಡಿ ನೋಡಿ ಕೂರಿಸಿದ್ದೆ. ಎಲ್ಲೋ ಕೂದಲೆಳೆ ತಪ್ಪಿರಬೇಕು."

"ಪಿಸ್ಟನ್ ಬಿಗಿ ಇದ್ರೆ ಈ ಬೇರಿಂಗ್ ಯಾಕಪ್ಪಾ ನೀಲಿ ಆಗುತ್ತೆ?"

ತಪ್ಪು ತನ್ನದೇ ಎಂದು ಗಟ್ಟಿ ಮಾಡಿಕೊಂಡವನಿಗೆ ಬೇರೆ ಪ್ರಶ್ನೆ ಕೇಳಿಸುವುದಿಲ್ಲ. ಅತ್ತಿಗೆ ಎಣ್ಣೆ ನಲ್ಲಿಯ ಹತ್ತಿರ ಬಗ್ಗಿದರು. "ಇದಕ್ಕೆ ಹಿಡಿಕೆ ಇತ್ತಲ್ಲ? ಇದೇನಿದು ದುಂಡಗೆ?"

"ಹಿಡಿಕೆ ಭಾವನ ಬೂಟಿಗೆ ತಾಗ್ತಿತ್ತು. ಸವಾರಿಯ ಹಿಂದಿನ ದಿನ ತೆಗೆದು ಈ ನಾಬ್ ಹಾಕಿದೆ. ಇದಕ್ಕೆ ತಡೆ ಇಲ್ಲ, ಸುತ್ತಾನೇ ಇರುತ್ತೆ. ಕಾಲು ಸುತ್ತಿಗೆ ತೆರೆಯುತ್ತೆ, ಇನ್ನೊಂದು ಕಾಲು ಸುತ್ತಿಗೆ ಮುಚ್ಚುತ್ತೆ."

"ತೆರೆದಿದೆಯೋ ಮುಚ್ಚಿದೆಯೋ ಅಂತ ನೋಡೋದು ಹೇಗೆ?"

"ನೋಡೋಕಾಗಲ್ಲ. ಹಿಂದುಗಡೆ ಅರದಿಂದ ಉಜ್ಜಿ ಒಂದು ಗೀರು ಹಾಕಿದೀನಿ. ಬೆರಳು ಹಾಕಿ ಮುಟ್ಟಬೇಕು. ಗೀರು ನೆಟ್ಟಗಿದ್ರೆ ತೆರೆದಿದೆ, ಅಡ್ಡ ಇದ್ರೆ ಮುಚ್ಚಿದೆ. ನನಗೂ ಭಾವನಿಗೂ ಬಿಟ್ಟು ಬೇರೆ ಯಾರಿಗೂ ಗೊತ್ತಿಲ್ಲ."

ನಾನೂ ಬೆರಳು ಹಾಕಿ ನೋಡಿದೆ. ಗೀರು ನೆಟ್ಟಗಿತ್ತು. ಸತ್ತವರ ಗಾಡಿ ಮುಟ್ಟಿದ ಬೆರಳನ್ನು ಪ್ಯಾಂಟಿಗೆ ಒರೆಸಿಕೊಂಡೆ.

"ಬಾಗಿಲಿಗೆ ಇನ್ನು ಚಿಲಕ ಹಾಕಬೇಡ," ಎಂದರು ಅತ್ತಿಗೆ. "ನಿನ್ನ ಕೈ ನನಗೆ ಬೇಕು. ಇಂಥದೇ ನಾಬ್ ನನ್ನ ಮೈದುನನ ಗಾಡಿಗೂ ಹಾಕು. ಯಾರಿಗೂ ಹೇಳಬೇಡ."

ನನ್ನ ಗಾಡಿಗೆ ಯಾಕೆ ಎಂದು ಕೇಳಿದೆ. "ನಿನ್ನ ಬೂಟಿಗೂ ತಾಗುತ್ತೆ" ಎಂದರು. ನಾನು ಚಪ್ಪಲಿ ಹಾಕುವವನು. ಆಗಲೇ ಎದೆಯಲ್ಲಿ ಏನೋ ಅಳುಕು ಶುರುವಾಯಿತು.

ಅಳುಕಿಗೆ ಕಾರಣ ಮರುದಿನ ಸಿಕ್ಕಿತು. ಅತ್ತಿಗೆ ಡಾಕ್ಟರನ್ನೂ ಪ್ರೆಸ್ಸಣ್ಣನನ್ನೂ ಮನೆಗೆ ಕರೆದು ಚಹಾ ಕೊಟ್ಟರು. ಮೇಷ್ಟ್ರ ನೆನಪಿಗೆ ಅದೇ ದಾರಿಯಲ್ಲಿ, ಅದೇ ಬಿಸಿಲಿನಲ್ಲಿ ನಾವಷ್ಟೇ ಒಮ್ಮೆ ಹೋಗಿಬರೋಣ ಎಂದರು. ಇಬ್ಬರೂ ಒಪ್ಪಿದರು. ಆಮೇಲೆ ಕಪ್ಪು ಎತ್ತಿಡುತ್ತ, ಅಡುಗೆಮನೆಯ ಮಾತಿನ ಹಾಗೆ ಅಂದರು: "ಆವತ್ತು ಮೇಷ್ಟ್ರ ಎಣ್ಣೆ ಟ್ಯಾಂಕಿಗೆ ಬರಿಗೈ ಕೊಟ್ಟವನು ನನ್ನ ಮೈದುನ ಒಬ್ಬನೇ. ಪೆದ್ದನಿಗೆ ಅದರ ಅರ್ಥ ಇನ್ನೂ ಹೊಳೆದಿಲ್ಲ. ಸವಾರಿ ಮುಗಿದ ಮೇಲೆ ಇನ್‌ಸ್ಪೆಕ್ಟರ್ ಮುಂದೆ ಕೂರಿಸಿ ಹೇಳಿಸ್ತೀನಿ."

ನಾನು ಏನು ಹೇಳಬೇಕು ಎಂದು ನನಗೇ ಗೊತ್ತಿರಲಿಲ್ಲ. ಆದರೆ ಆ ಕೋಣೆಯಲ್ಲಿದ್ದ ಯಾರಿಗೋ ಗೊತ್ತಿತ್ತು ಎಂಬುದು ಮಾತ್ರ ಹೊಳೆಯಿತು.

ಸಂಜೆ ಪ್ರೆಸ್ಸಣ್ಣ ನನ್ನ ಅಂಗಡಿಗೆ ಬಂದರು. ಅದೂ ಇದೂ ಮಾತಾಡಿ, "ಟ್ಯಾಂಕ್ ಮುಟ್ಟಿದ್ಯಂತಲ್ಲ, ಏನದು ವಿಷಯ?" ಎಂದರು. ಅವರು ಹೋದ ಸ್ವಲ್ಪ ಹೊತ್ತಿಗೆ ಡಾಕ್ಟರು ಬಂದರು. ಅವರೂ ಅದನ್ನೇ ಕೇಳಿದರು, ನನ್ನ ಭುಜ ತಟ್ಟಿ, "ಏನೇ ಇದ್ರೂ ಮನಸ್ಸಿಗೆ ಹಚ್ಕೋಬೇಡ" ಎಂದರು. ಇಬ್ಬರೂ ನನಗೆ ಬೇಕಾದವರು. ಇಬ್ಬರಲ್ಲಿ ಯಾರು ನಕ್ಕರೂ ನನಗೆ ಹಲ್ಲು ಮಾತ್ರ ಕಾಣತೊಡಗಿತು. ಮನೆಗೆ ಬಂದು ಅತ್ತಿಗೆಯ ಮೇಲೆ ಹರಿಹಾಯ್ದೆ. "ಹುಲಿ ಹಿಡಿಯೋಕೆ ಮೇಕೆ ಕಟ್ಟೋ ಹಾಗೆ ನನ್ನ ಕಟ್ಟಿದೀರಲ್ಲ, ಮೇಕೇನ ಒಂದು ಮಾತು ಕೇಳಬೇಕು ಅನ್ನಿಸಲಿಲ್ವಾ?"

"ಮೇಕೆ ಪಕ್ಕ ಸೈಡ್‌ಕಾರಲ್ಲಿ ನಾನೂ ಇರ್ತೀನಲ್ಲೋ," ಎಂದರು. ಅದು ಸಮಾಧಾನವೋ ಬೆದರಿಕೆಯೋ ನನಗೆ ತಿಳಿಯಲಿಲ್ಲ.

ಸವಾರಿಯ ದಿನ ಆಕಾಶದಲ್ಲಿ ಮೋಡದ ಚೂರೂ ಇರಲಿಲ್ಲ. ಡಾಕ್ಟರು ಮುಂದೆ, ಪ್ರೆಸ್ಸಣ್ಣ ನಡುವೆ, ನಾವು ಹಿಂದೆ, ಕೊನೆಯಲ್ಲಿ ಮೇಸ್ತ್ರಿ. ಡಾಂಬರಿನಿಂದ ಏಳುವ ಝಳ ಮುಖಕ್ಕೆ ರಾಚುತ್ತಿತ್ತು. ನೆರಳಿನ ಜಾಗದಲ್ಲಿ ನಿಂತೆವು, ನಲ್ಲಿ ಮುಚ್ಚಿ ಗವಸು ತೊಡಿಸಿದೆವು, ಮರಗಳ ಕೆಳಗೆ ಹೋಗಿ ಕೂತೆವು. ಗಾಡಿಗಳ ಕಡೆ ಬೆನ್ನು ಮಾಡಿ ಕೂರಬೇಕೆಂದು ಅತ್ತಿಗೆ ಹೇಳಿದ್ದರು. ಆ ಹೊತ್ತು ನಾನು ಪಟ್ಟ ಪಾಡು ಶತ್ರುವಿಗೂ ಬೇಡ. ಬೆನ್ನ ಹಿಂದೆ ಹೆಜ್ಜೆ ಸದ್ದು ಹೋಯಿತು, ಬಂತು. ಯಾರದೆಂದು ತಿರುಗಿ ನೋಡುವಂತಿಲ್ಲ.

ಹೊರಟೆವು. ಗವಸಿನ ಮೇಲಿಂದ ನಾಬ್ ಹಿಡಿದು ಕಾಲು ಸುತ್ತು ತಿರುಗಿಸಿದೆ, ಗವಸು ತೊಟ್ಟೆ, ಕಿಕ್ ಹೊಡೆದೆ. ಅತ್ತಿಗೆ ಸೈಡ್‌ಕಾರಿನಲ್ಲಿ ಕೂತವರೇ ಕೈ ಚಾಚಿ ಎಣ್ಣೆ ಟ್ಯಾಂಕಿನ ಮೇಲಿಟ್ಟರು. ಟ್ಯಾಂಕ್ ಅವರ ಕಡೆಗೇ ಇತ್ತು. ಏರು ಕಡಿದಾಗುತ್ತ ಹೋಯಿತು. ಮುಂದಿನ ಗಾಡಿ ಇನ್ನೂ ನಿಧಾನವಾಯಿತು. ನನ್ನ ಎಂಜಿನ್ ಮೊದಲು ಮೆಲ್ಲಗೆ ಕಟಕಟ ಎಂದಿತು, ಆಮೇಲೆ ಜೋರಾಗಿ. ಸುಟ್ಟ ವಾಸನೆ ಮೂಗಿಗೆ ಬಂತು. ಎಡಕ್ಕೆ ಕಣಿವೆ, ಏರು ಮುಗಿದರೆ ಇಳಿಜಾರು, ಅದರಲ್ಲೇ ಆ ತಿರುವು. ಚಕ್ರ ಈಗ ಬಿಗಿಯಬಹುದು, ಇನ್ನೊಂದು ಗಳಿಗೆಗೆ ಬಿಗಿಯಬಹುದು ಎಂದುಕೊಳ್ಳುತ್ತ ಕ್ಲಚ್ಚಿನ ಮೇಲೆ ಬೆರಳಿಟ್ಟೇ ಓಡಿಸಿದೆ.

"ನಿಲ್ಲಿಸು," ಎಂದರು ಅತ್ತಿಗೆ. "ನಲ್ಲಿಯ ಹಿಂದೆ ಬೆರಳು ಹಾಕಿ ನೋಡು."

ಗೀರು ಅಡ್ಡ ಇತ್ತು. ನಲ್ಲಿ ಮುಚ್ಚಿತ್ತು.

"ನಾನು ತೆರೆದಿದ್ದೆ. ಆಣೆಗೂ ತೆರೆದಿದ್ದೆ," ಎಂದೆ.

"ಗೊತ್ತು. ಈಗ ತೆರೆ. ಅವರು ಬಂದ್ರೆ ಗಾಡಿ ಬಿಸಿ ಆಯ್ತು ಅಂತಷ್ಟೇ ಹೇಳು."

ಇಬ್ಬರೂ ಹಿಂದಿರುಗಿ ಬಂದರು, ಇಬ್ಬರೂ ಗಾಬರಿಯಿಂದ ವಿಚಾರಿಸಿದರು. ನಾನು ನೆಲ ನೋಡುತ್ತ ಗಾಡಿ ಬಿಸಿಯಾಯಿತು ಎಂದೆ. ನಮ್ಮ ಸವಾರಿ ಅಲ್ಲಿಗೇ ನಿಂತಿತು.

ಸಂಜೆ ಎಲ್ಲರನ್ನೂ ಅತ್ತಿಗೆ ಶೆಡ್ಡಿಗೆ ಕರೆದರು. ಡಾಕ್ಟರು ಮೇಷ್ಟ್ರ ಗಾಡಿಯ ಪಕ್ಕದ ಸ್ಟೂಲಿನಲ್ಲಿ, ಪ್ರೆಸ್ಸಣ್ಣ ಎದುರಿಗೆ, ಮೇಸ್ತ್ರಿ ಒಳಗಿನ ಮೂಲೆಯಲ್ಲಿ. ಟೈಲರಮ್ಮ ಬಾಗಿಲ ಬಳಿ, ತಮ್ಮನ ಕಡೆ ನೋಡದೆ ಕೂತಿದ್ದಳು. ಮಫ್ತಿಯಲ್ಲಿ ಬಂದಿದ್ದ ಇನ್‌ಸ್ಪೆಕ್ಟರನ್ನು ಅತ್ತಿಗೆ "ನಮ್ಮ ವಿಮಾ ಕಚೇರಿಯ ಕಾಲದ ಪರಿಚಯದವರು" ಎಂದಷ್ಟೇ ಹೇಳಿ ಕೂರಿಸಿದರು.

"ಮೊದಲು ಈ ಪೈಪ್ ಕಳಚಬೇಕು," ಎಂದರು ಸ್ಪ್ಯಾನರ್ ಹಿಡಿದು. "ಮೇಸ್ತ್ರಿ ಟ್ಯಾಂಕ್ ತುಂಬಾ ಹೊಸ ಎಣ್ಣೆ ಹಾಕಿದಾನೆ, ಮೈಮೇಲೆ ಸುರಿದೀತು. ಪ್ರೆಸ್ಸಣ್ಣ, ನಲ್ಲಿ ಮುಚ್ಚಿದೆಯಾ ನೋಡಿ."

ಪ್ರೆಸ್ಸಣ್ಣ ಬಗ್ಗಿದರು, ಕನ್ನಡಕ ಏರಿಸಿದರು, ಆ ಕಡೆ ಈ ಕಡೆ ಕತ್ತು ಹೊರಳಿಸಿದರು. "ದುಂಡಗಿದೆಯಲ್ಲಮ್ಮಾ ಇದು. ಹೇಗೆ ಗೊತ್ತಾಗಬೇಕು?"

"ಇರಿ," ಎಂದರು ಡಾಕ್ಟರು. ಕೂತಲ್ಲಿಂದಲೇ ಕೈ ಚಾಚಿ ನಾಬಿನ ಹಿಂದೆ ಬೆರಳಾಡಿಸಿದರು. "ಮುಚ್ಚಿದೆ. ಕಳಚಿ."

ಅತ್ತಿಗೆ ಸ್ಪ್ಯಾನರ್ ಕೆಳಗಿಟ್ಟರು. "ಹೇಗೆ ಗೊತ್ತಾಯ್ತು ಡಾಕ್ಟ್ರೇ?"

ಡಾಕ್ಟರ ಬೆರಳು ಇನ್ನೂ ನಾಬಿನ ಹಿಂದೆಯೇ ಇತ್ತು.

"ಆ ಗೀರಿನ ಗುಟ್ಟು ಇಬ್ಬರಿಗೇ ಗೊತ್ತಿದ್ದದ್ದು," ಎಂದರು ಅತ್ತಿಗೆ. "ಒಬ್ಬರು ಸತ್ತರು, ಇನ್ನೊಬ್ಬ ಈ ಮೂಲೇಲಿ ಕೂತಿದಾನೆ. ನಮಗೆ ಅವನೇ ಹೇಳಿದ್ದು. ನಿಮಗೆ ಯಾರು ಹೇಳಿದ್ರು? ಆವತ್ತು 'ನಲ್ಲಿ ತೆರೆದಿದೆ, ಕಣ್ಣಾರೆ ನೋಡಿದೆ, ಮುಟ್ಟಿಲ್ಲ' ಅಂದ್ರಿ. ಈ ನಲ್ಲೀನ ಕಣ್ಣಲ್ಲಿ ನೋಡೋಕಾಗಲ್ಲ. ಪ್ರೆಸ್ಸಣ್ಣ ಈಗ ತಾನೇ ನೋಡಿ ಸೋತರು. ಹಲ್ಲಿನ ಹಿಂದಿನ ಹುಳುಕನ್ನ ಬೆರಳಲ್ಲೇ ಹುಡುಕೋ ಕೈ ನಿಮ್ಮದು, ಅದಕ್ಕೆ ಅಭ್ಯಾಸ ತಪ್ಪಲಿಲ್ಲ."

"ನಲ್ಲಿ ತೆರೆದಿತ್ತಲ್ಲ, ಪೊಲೀಸರಿಗೂ ಹಾಗೇ ಸಿಕ್ಕಿದ್ದು," ಎಂದರು ಡಾಕ್ಟರು.

"ಬಿದ್ದ ಮೇಲೆ ನೀವು ತೆರೆದದ್ದು. ಓಡುವಾಗ ಮುಚ್ಚಿತ್ತು. ಅದಕ್ಕೆ ಸಾಕ್ಷಿ ನನ್ನ ಮೈದುನನ ಅಂಗೈ. ಎಣ್ಣೆ ಎಂಜಿನ್ನಿಗೆ ಹೋಗಿ, ಶಾಖ ಹೊತ್ಕೊಂಡು ಟ್ಯಾಂಕಿಗೆ ವಾಪಸ್ ಬರುತ್ತೆ. ಅಂಥ ಬಿಸಿಲಲ್ಲಿ, ಅಂಥ ನಿಧಾನದಲ್ಲಿ ಗುಡ್ಡ ಹತ್ತಿದ ಗಾಡಿಯ ಎಣ್ಣೆ ಟ್ಯಾಂಕ್ ಮುಟ್ಟಿದ್ರೆ ಕೈ ಬೊಬ್ಬೆ ಬರಬೇಕು. ಸೈಲೆನ್ಸರ್ ತಾಗಿ ಇವನ ಕಾಲು ಸುಟ್ಟಿದೆ, ಟ್ಯಾಂಕಿಗೆ ಕೊಟ್ಟ ಕೈಗೆ ಏನೂ ಆಗಿಲ್ಲ. ಅಂದ್ರೆ ನೆರಳಲ್ಲಿ ತಣಿದ ಎಣ್ಣೆ ಆಮೇಲೆ ಟ್ಯಾಂಕ್ ಬಿಟ್ಟು ಕದಲಿಲ್ಲ. ಬೇರಿಂಗ್ ನೀಲಿಯಾಗಿದ್ದೂ ಅದಕ್ಕೇ. ಪಿಸ್ಟನ್ ಬಿಗಿ ಅಲ್ಲ, ಎಣ್ಣೆ ಇಲ್ಲದೆ ಸತ್ತ ಎಂಜಿನ್ ಅದು."

"ಆದ್ರೆ ಮೇಷ್ಟ್ರ ಕೈಲಿ ಗವಸಿತ್ತಲ್ಲ," ಎಂದು ಪ್ರೆಸ್ಸಣ್ಣ ಬಾಯಿ ಹಾಕಿದರು. "ತೆರೆಯದೇ ಅವರು ಗವಸು ತೊಡೋರಲ್ಲ."

"ಅದೇ ನೋಡಿ. ತೆರೀತೀನಿ ಅಂದ್ಕೊಂಡೇ ಅವರು ಮುಚ್ಚಿದ್ರು. ಗವಸು ತಟ್ಟಿ ನೋಡೋ ನೆಪದಲ್ಲಿ ಡಾಕ್ಟ್ರು ಮೊದಲೇ ಕಾಲು ಸುತ್ತು ತಿರುಗಿಸಿ ತೆರೆದಿಟ್ಟಿದ್ರು. ಈ ನಾಬಿಗೆ ತಡೆ ಇಲ್ಲ. ಮೇಷ್ಟ್ರು ಅಭ್ಯಾಸದಂತೆ ಗವಸಿನ ಮೇಲಿಂದ ಇನ್ನೊಂದು ಕಾಲು ಸುತ್ತು ತಿರುಗಿಸಿದ್ರು, ನಲ್ಲಿ ಮುಚ್ಚಿತು. ಇವತ್ತು ಇವನೂ ಅದನ್ನೇ ಮಾಡಿದ. ಟ್ಯಾಂಕ್ ಬಿಸಿ ಏರ್ತಿಲ್ಲ ಅಂತ ನನ್ನ ಕೈ ಹೇಳದೇ ಇದ್ದಿದ್ರೆ ನಾವಿಬ್ರೂ ಕಣಿವೇಲಿ ಇರ್ತಿದ್ವಿ."

ನನ್ನದೇ ಕೈಯಿಂದ ನನ್ನ ಸಾವನ್ನು ತಿರುಗಿಸಿದ್ದೆ.

ಟೈಲರಮ್ಮ ಎದ್ದು ಡಾಕ್ಟರ ಮುಂದೆ ಬಂದು ನಿಂತಳು. "ಯಾಕೆ?" ಎಂದಳು. ಅಷ್ಟೇ ಕೇಳಿದಳು.

ಅವರು ನಾಬಿನ ಹಿಂದಿದ್ದ ಬೆರಳನ್ನು ಎಳೆದುಕೊಂಡರು. ಆಮೇಲೆ ನೆಲ ನೋಡುತ್ತ ಹೇಳಿದರು. "ಕೊಲ್ಲಬೇಕು ಅಂತಿರಲಿಲ್ಲ. ಇಂಜೆಕ್ಷನ್ ಅಂತ ಅವರಂದ ಮಾತು ಊರೆಲ್ಲ ಹರಡ್ತು. ಕುರ್ಚೀಲಿ ಕೂತ ರೋಗಿಗಳೂ ನಗೋರು. ಈಗ ಮುಂದಾಳು ಜಾಗಾನೂ ಹೋಗಿತ್ತು. ಗವಸು ತಟ್ತಾ ಬಂದಾಗ ಕೈಗೆ ದುಂಡು ನಾಬ್ ಸಿಕ್ತು, ಅದರ ಹಿಂದಿನ ಗೀರೂ ಸಿಕ್ತು. ತಿರುಗಿಸಿಬಿಟ್ಟೆ. ನನ್ನ ಗಾಡಿ ಹಾಗೆ ಅವರದೂ ಏರಲ್ಲೇ ನಿಲ್ಲಬೇಕು, ಎಲ್ಲರೂ ನಗಬೇಕು ಅಂತ ಅಷ್ಟೇ. ಎಣ್ಣೆ ಇಲ್ಲದೆ ಯಾವ ಎಂಜಿನ್ನೂ ಏರು ದಾಟಲ್ಲ. ಅದು ದಾಟಿಬಿಡ್ತು. ಕೂರಿಸಿದ ಕೈ ಅಷ್ಟು ಚೆನ್ನಾಗಿತ್ತು."

"ಮೊದಲನೇದು ದುಡುಕು ಅನ್ನೋಣ," ಎಂದರು ಅತ್ತಿಗೆ. "ಇವತ್ತಿಂದು? ಇಳಿಜಾರಲ್ಲಿ ಏನಾಗುತ್ತೆ ಅಂತ ಇವತ್ತು ನಿಮಗೆ ಚೆನ್ನಾಗಿ ಗೊತ್ತಿತ್ತು. ಈ ಹುಡುಗ ಬಾಗಿಲು ಹಾಕ್ಕೊಂಡು ಸಾಯ್ತಿದ್ದದ್ದೂ ಗೊತ್ತಿತ್ತು."

ಇನ್‌ಸ್ಪೆಕ್ಟರ್ ಎದ್ದು ಅವರ ತೋಳು ಹಿಡಿದರು. ಪ್ರೆಸ್ಸಣ್ಣ ತಲೆ ಬಗ್ಗಿಸಿ ಅವರ ಹಿಂದೆಯೇ ಹೊರಗೆ ಹೋದರು. ಇನ್ನು ಭಯ ಮುಗಿಯಿತು, ಮನೆಗೆ ಹೋಗಬಹುದು ಎಂದು ನಾನು ನಿಟ್ಟುಸಿರು ಬಿಟ್ಟೆ.

ಆಗ ಮೂಲೆಯಿಂದ ಮೇಸ್ತ್ರಿಯ ದನಿ ಬಂತು.

"ಅಂದ್ರೆ ನಾನು ಕೆಟ್ಟದಾಗಿ ಕೂರಿಸಿದ್ದಿದ್ರೆ ಏರಲ್ಲೇ ನಿಂತಿರೋದು. ಭಾವ ಗಾಡಿ ತಳ್ಕೊಂಡು ಮನೆಗೆ ಬಂದಿರೋರು."

ಬಿಸಿಲಲ್ಲಿ ಕಣಿವೆಯ ಪಕ್ಕ ಹುಟ್ಟಿದ ಭಯಕ್ಕಿಂತ ದೊಡ್ಡ ಭಯ ಆ ಮಾತು ಕೇಳಿ ಹುಟ್ಟಿತು. ಅವನನ್ನು ಆ ಶೆಡ್ಡಿನಿಂದ ಹೊರಗೆ ತರಲೆಂದೇ ನಾವು ಇಷ್ಟೆಲ್ಲ ಮಾಡಿದ್ದು. ಈಗ ಸತ್ಯವೇ ಅವನನ್ನು ಮತ್ತೆ ಒಳಗೆ ತಳ್ಳುತ್ತಿತ್ತು. ನಾನು ಅತ್ತಿಗೆಯ ಮುಖ ನೋಡಿದೆ. ಎಲ್ಲದಕ್ಕೂ ಉತ್ತರ ಇಟ್ಟುಕೊಂಡಿರುವ ಅತ್ತಿಗೆ ತುಟಿ ಬಿಚ್ಚಲಿಲ್ಲ.

ಟೈಲರಮ್ಮ ಮೂಲೆಗೆ ನಡೆದಳು. ಎಣ್ಣೆ ಮೆತ್ತಿದ ನೆಲದ ಮೇಲೆ ತಮ್ಮನ ಎದುರಿಗೇ ಕೂತು, ಅವನ ಗದ್ದ ಹಿಡಿದು ಮುಖ ಎತ್ತಿದಳು.

"ಹೌದು ಕಣೋ," ಎಂದಳು. "ಬಂದಿರೋರು. ನಾನು ಸುಳ್ಳು ಹೇಳಲ್ಲ. ಆದ್ರೆ ಪ್ರತಿ ಸಲ ಗಾಡಿ ಹತ್ತುವಾಗ ಅವರು ನನಗೆ ಏನು ಹೇಳೋರು ಗೊತ್ತಾ? 'ನಿನ್ನ ತಮ್ಮ ಮುಟ್ಟಿದ ಗಾಡಿ, ನನಗೆ ಯಾವ ಭಯಾನೂ ಇಲ್ಲ' ಅನ್ನೋರು. ಆ ಭಯ ಇಲ್ಲದೇನೇ ಅವರು ಗುಡ್ಡ ಹತ್ತಿದ್ರು. ಕೆಟ್ಟ ಕೆಲಸ ಮಾಡಿದ್ರೆ ಚೆನ್ನಾಗಿತ್ತು ಅಂತ ಇನ್ನೊಂದ್ಸಲ ನಿನ್ನ ಬಾಯಲ್ಲಿ ಬರಬಾರದು. ಬಂದ್ರೆ ಅವರಿಗೆ ಅವಮಾನ ಮಾಡಿದ ಹಾಗೆ."

ಅವನ ಮುಖ ಮೆಲ್ಲಗೆ ಒಡೆಯಿತು. ಅಕ್ಕನ ಭುಜಕ್ಕೆ ಹಣೆ ಒತ್ತಿ ದನಿ ತೆಗೆದು ಅತ್ತ. ಅವಳೂ ಅತ್ತಳು. ಅತ್ತಿಗೆ ನನ್ನ ತೋಳು ಹಿಡಿದು ಹೊರಗೆ ಕರೆದುಕೊಂಡು ಬಂದರು. ಮೇಷ್ಟ್ರು ಹೋದ ಮೇಲೆ ಅಕ್ಕ ತಮ್ಮ ಒಟ್ಟಿಗೆ ಕೂತು ಅತ್ತದ್ದು ಅದೇ ಮೊದಲು.